ಗೋಬರ್ ಗ್ಯಾಸ್ ಗುಂಡಿಯಲ್ಲೂ ವೈರಸ್ಸಾ?

ಪ್ರಶ್ನೆ: ನಮ್ಮ ಗೋಬರ್ ಗ್ಯಾಸ್ ಮಾಡೋದು ಬ್ಯಾಕ್ಟೀರಿಯಾ ಅಲ್ಲ, ಆರ್ಕಿಯಾ ಅಂತಾಳೆ ಮಗಳು. ಅವಕ್ಕೂ ವೈರಸ್ ಬರುತ್ತಾ?
– ಓದುಗರು, ತೀರ್ಥಹಳ್ಳಿ

ಉತ್ತರ: ಮಗಳು ಹೇಳಿದ್ದು ಸರಿ. ಸಗಣಿ ಕೊಳೆಸುವುದು ಬ್ಯಾಕ್ಟೀರಿಯಾನೇ, ಆದರೆ ಒಲೆಯಲ್ಲಿ ನೀಲಿಯಾಗಿ ಉರಿಯುತ್ತಲ್ವಾ, ಆ ಮೀಥೇನ್ ಮಾಡುವುದು ಆರ್ಕಿಯಾ ಅನ್ನೋ ಸೂಕ್ಷ್ಮಜೀವಿಗಳು. ಇವು ಬೇರೆಯದೇ ಕುಲ ಅಂತ 1977ರಲ್ಲಿ ವಿಜ್ಞಾನಿಗಳಾದ ಕಾರ್ಲ್ ವೂಸ್ ಮತ್ತು ಜಾರ್ಜ್ ಫಾಕ್ಸ್ ತೋರಿಸಿದರು.

ವೈರಸ್ ಖಂಡಿತ ಬರುತ್ತೆ. ಜರ್ಮನಿಯ ವಿಜ್ಞಾನಿ ವುಲ್ಫ್ರಾಮ್ ಝಿಲ್ಲಿಗ್ ಐಸ್‌ಲ್ಯಾಂಡಿನ ಬಿಸಿನೀರ ಬುಗ್ಗೆಗಳಲ್ಲಿರುವ ಆರ್ಕಿಯಾಗಳಲ್ಲೂ ಇಂಥ ವೈರಸ್‌ಗಳನ್ನು ಪತ್ತೆ ಮಾಡಿದರು. ಕೆಲವು ನಿಂಬೆಹಣ್ಣಿನ ಆಕಾರ, ಕೆಲವು ಸೀಸೆಯ ಹಾಗೆ. ನನಗೆ ಜಾಸ್ತಿ ಇಷ್ಟವಾದದ್ದು ಒಂದು ಕಡ್ಡಿಯಾಕಾರದ ವೈರಸ್: ಅದು ಜೀವಕೋಶದ ಮೈಮೇಲೆ ಏಳು ಮುಖದ ಪುಟ್ಟ ಗೋಪುರಗಳನ್ನು ಎಬ್ಬಿಸುತ್ತೆ, ಆಮೇಲೆ ಅವು ಹೂವಿನ ಎಸಳಿನಂತೆ ಬಿಚ್ಚಿಕೊಂಡು ಮರಿ ವೈರಸ್‌ಗಳೆಲ್ಲ ಹೊರಗೆ ಬರುತ್ತವೆ.

ಮನುಷ್ಯರಿಗೆ ಕಾಯಿಲೆ ತರುವ ಆರ್ಕಿಯಾ ವೈರಸ್ ಇದುವರೆಗೆ ಒಂದೂ ಸಿಕ್ಕಿಲ್ಲ. ಇದಕ್ಕೆ ಹೆದರಿ ಅಡಿಕೆ ತೋಟಕ್ಕೆ ಸ್ಲರಿ ಬಿಡೋದು ನಿಲ್ಲಿಸಬೇಡಿ.