ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಇಂಗ್ಲಿಷ್‌ನಲ್ಲಿ ‘ನೀವು’ ಎಲ್ಲಿದೆ?

ಪ್ರಶ್ನೆ: ಮೇಡಂ, ನಮ್ಮದು ಮಂಡ್ಯ ಹತ್ತಿರ ಒಂದು ಹಳ್ಳಿ. ಮೈಸೂರಿನ ಒಂದು ಲಾಡ್ಜ್‌ನಲ್ಲಿ ರಿಸೆಪ್ಷನ್ ಕೆಲಸಕ್ಕೆ ಸೇರಿ ಎಂಟು ತಿಂಗಳಾಯಿತು. ಯೋಗ ಕಲಿಯೋಕೆ ಬಂದಿದ್ದ ವಿದೇಶದವರೊಬ್ಬರಿಗೆ ‘ಯು ಮಸ್ಟ್ ಗಿವ್ ಪಾಸ್‌ಪೋರ್ಟ್’ ಅಂದೆ. ಅವರ ಮುಖ ಗಂಟಾಯಿತು. ಆಮೇಲೆ ಮ್ಯಾನೇಜರ್ ಹತ್ತಿರ ಬೈಸಿಕೊಂಡೆ. ‘ನೀವು ಪಾಸ್‌ಪೋರ್ಟ್ ಕೊಡಬೇಕು’ ಅಂತ ಮರ್ಯಾದೆಯಾಗಿಯೇ ಮನಸ್ಸಿನಲ್ಲಿ ಅಂದುಕೊಂಡು ಹೇಳಿದ್ದೆ. ಏನು ತಪ್ಪಾಯಿತು?

ಉತ್ತರ: ನೋಡಮ್ಮ, ನಿನ್ನ ಮನಸ್ಸಿನಲ್ಲಿ ಮರ್ಯಾದೆ ಇತ್ತು. ಆದರೆ ಅದು ದಾರಿಯಲ್ಲೇ ಬಿದ್ದುಹೋಯಿತು. ಕನ್ನಡದಲ್ಲಿ ಮರ್ಯಾದೆ ಇರೋದು ‘ನೀವು’ ಅನ್ನೋ ಪದದಲ್ಲಿ, ‘ಕೊಡಿ’, ‘ಬನ್ನಿ’ ಅನ್ನೋ ಪದಗಳ ಬಾಲದಲ್ಲಿ. ಇಂಗ್ಲಿಷ್‌ನಲ್ಲಿ ಈಗ ಆ ಜಾಗ ಖಾಲಿ. ನಾಯಿಮರಿಗೂ ‘ಯು’, ನ್ಯಾಯಾಧೀಶರಿಗೂ ‘ಯು’. ಒಂದು ಕಾಲದಲ್ಲಿ ಅವರಿಗೂ ನಮ್ಮ ‘ನೀನು’ ಥರ ‘ದೌ’ ಅಂತ ಒಂದು ಪದ ಇತ್ತು, ‘ಯು’ ನಮ್ಮ ‘ನೀವು’ ಇದ್ದ ಹಾಗೆ. 17ನೇ ಶತಮಾನ ಕಳೆಯುವ ಹೊತ್ತಿಗೆ ದಿನನಿತ್ಯದ ಮಾತಿನಿಂದ ‘ದೌ’ ಹೆಚ್ಚುಕಡಿಮೆ ಹೊರಟೇಹೋಯಿತು. ಎಲ್ಲರಿಗೂ ಒಂದೇ ‘ಯು’ ಉಳಿಯಿತು.

ಹಾಗಾದರೆ ಮರ್ಯಾದೆ ಎಲ್ಲಿಗೆ ಹೋಯಿತು? ದೊಡ್ಡ ಪಾಲು ‘ಕುಡ್’, ‘ವುಡ್’, ‘ಮೇ’ ಅನ್ನೋ ಪುಟ್ಟ ಪದಗಳ ಮೇಲೆ ಬಿತ್ತು. ‘ಕುಡ್ ಐ ಸೀ ಯುವರ್ ಪಾಸ್‌ಪೋರ್ಟ್, ಪ್ಲೀಸ್?’ ಅಂದಿದ್ದರೆ ಅವರು ನಗುತ್ತಾ ತೆಗೆದು ಕೊಡುತ್ತಿದ್ದರು. ಇಲ್ಲಿ ಎರಡು ಕೆಲಸ ಆಗಿದೆ, ಗಮನಿಸು. ‘ಮಸ್ಟ್’ ಹೋಗಿ ‘ಕುಡ್’ ಬಂತು. ಅದರ ಜೊತೆಗೆ ‘ಯು’ ಹೋಗಿ ‘ಐ’ ಬಂತು. ‘ನೀವು ಕೊಡಬೇಕು’ ಅನ್ನೋದರ ಬದಲು ‘ನಾನು ನೋಡಬಹುದಾ’ ಅಂತ ಕೇಳಿದ ಹಾಗಾಯಿತು. ಕೆಲಸ ಅದೇ, ಪಾಸ್‌ಪೋರ್ಟ್ ಕೈಗೆ ಬರುತ್ತೆ. ಆದರೆ ಹುಕುಂ ಹೋಗಿ ಕೋರಿಕೆ ಆಗುತ್ತೆ. ವಿದೇಶದವರು ತಂಗಿದರೆ ಅವರ ವಿವರ ಫಾರಂನಲ್ಲಿ ತುಂಬಿ ಸರ್ಕಾರಕ್ಕೆ ಕಳಿಸಲೇಬೇಕಲ್ವಾ, ಅದನ್ನೂ ಹೇಳಬೇಕಾದರೆ ‘ಐ ನೀಡ್ ಇಟ್ ಫಾರ್ ದಿ ಗವರ್ನಮೆಂಟ್ ಫಾರಂ’ ಅಂತ ಸೇರಿಸು. ಕಾರಣ ಗೊತ್ತಾದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

‘ಕುಡ್ ಅಂದರೆ ಭೂತಕಾಲ ಅಂತ ಶಾಲೆಯಲ್ಲಿ ಕಲಿತಿದ್ದೀವಿ, ಈಗ ಕೇಳುವ ಮಾತಿಗೆ ಅದು ಹೇಗೆ ಬರುತ್ತೆ’ ಅಂತ ನಿನಗೆ ಅನ್ನಿಸಬಹುದು. ದೇವರಾಜ ಮಾರುಕಟ್ಟೆಗೆ ಹೋಗಿ ಅಂಗಡಿ ಮುಂದೆ ನಿಂತು ನಾವು ಏನಂತೀವಿ? ‘ಅಣ್ಣ, ಅರ್ಧ ಕೆಜಿ ಬೆಲ್ಲ ಬೇಕಿತ್ತು.’ ಬೆಲ್ಲ ಬೇಕಾಗಿರೋದು ಈಗಲೇ, ನಿನ್ನೆ ಅಲ್ಲ. ಆದರೂ ‘ಬೇಕು’ ಅನ್ನದೆ ‘ಬೇಕಿತ್ತು’ ಅಂತೀವಿ, ಯಾಕೆಂದರೆ ಮಾತನ್ನು ಒಂದು ಹೆಜ್ಜೆ ಹಿಂದಕ್ಕೆ ಇಟ್ಟರೆ ಅದು ಮೆತ್ತಗಾಗುತ್ತೆ, ಕೇಳಿಸಿಕೊಂಡವರಿಗೆ ಒತ್ತಾಯ ಅನ್ನಿಸಲ್ಲ. ‘ಕ್ಯಾನ್’ ಹೋಗಿ ‘ಕುಡ್’ ಆಗೋದು, ‘ವಿಲ್’ ಹೋಗಿ ‘ವುಡ್’ ಆಗೋದು ಇದೇ ಲೆಕ್ಕ. ನಿನಗೆ ಇದು ಹುಟ್ಟಿದಾಗಿನಿಂದ ಗೊತ್ತು.

ಹಾಗಂತ ‘ಮಸ್ಟ್’ ಕೆಟ್ಟ ಪದ ಅಂತ ಬಿಡಬೇಡ. ‘ಯು ಮಸ್ಟ್ ಟ್ರೈ ದಿ ಮೈಸೂರು ಪಾಕ್’ ಅಂದರೆ ಅದು ಪ್ರೀತಿಯ ಒತ್ತಾಯ. ಎದುರಿನವರಿಗೆ ಒಳ್ಳೆಯದಾಗುವ ಮಾತಿಗೆ ‘ಮಸ್ಟ್’ ಚೆನ್ನಾಗಿ ಒಪ್ಪುತ್ತೆ. ನಮ್ಮ ಕೆಲಸ ಆಗಬೇಕಾದಾಗ ಮಾತ್ರ ಅದು ಚುಚ್ಚುತ್ತೆ.

ಪ್ರಶ್ನೆ: ನನ್ನ ಮಗ ಮದ್ದೂರಿನಲ್ಲಿ ಪಿಯುಸಿ ಓದುತ್ತಿದ್ದಾನೆ. ‘ಹಿ ಕ್ಯಾನ್ಸ್’, ‘ಶಿ ಕ್ಯಾನ್ ಟು ಗೋ’ ಅಂತ ಬರೆಯುತ್ತಾನೆ. ಎಷ್ಟು ತಿದ್ದಿದರೂ ಮರೆಯುತ್ತಾನೆ. ಏನಾದರೂ ಉಪಾಯ ಇದೆಯಾ?

ಉತ್ತರ: ಇದೆ ಸಾರ್, ಕನ್ನಡದಲ್ಲೇ ಇದೆ. ಅವನ ಬಾಯಲ್ಲಿ ಹೀಗೆ ಹೇಳಿಸಿ: ನಾನು ಹೋಗುತ್ತೇನೆ, ಅವನು ಹೋಗುತ್ತಾನೆ, ಅವಳು ಹೋಗುತ್ತಾಳೆ. ಆಳು ಬದಲಾದ ಹಾಗೆ ಬಾಲ ಬದಲಾಯಿತು. ಈಗ ‘ಬೇಕು’ ಸೇರಿಸಿ ಹೇಳಿಸಿ: ನಾನು ಹೋಗಬೇಕು, ಅವನು ಹೋಗಬೇಕು, ಅವಳು ಹೋಗಬೇಕು. ಏನೂ ಬದಲಾಗಲಿಲ್ಲ. ‘ಬಹುದು’, ‘ಬಾರದು’ ಕೂಡ ಹಾಗೇ. ಇಂಗ್ಲಿಷ್‌ನ ‘ಕ್ಯಾನ್’, ‘ಮೇ’, ‘ಮಸ್ಟ್’, ‘ಶುಡ್’ ಇದೇ ಜಾತಿ, ಅದಕ್ಕೇ ‘ಹಿ’ ಬಂದರೂ ಕೊನೆಗೆ ‘ಎಸ್’ ಅಂಟಲ್ಲ. ಇನ್ನು ‘ಟು’ ವಿಷಯ. ನಾವು ‘ಹೋಗಲು ಬೇಕು’ ಅನ್ನುವುದಿಲ್ಲ, ‘ಹೋಗಬೇಕು’ ಅಂತೀವಿ. ‘ಕ್ಯಾನ್ ಟು ಗೋ’ ಅಂದರೆ ಇಂಗ್ಲಿಷಿನವರ ಕಿವಿಗೆ ‘ಹೋಗಲು ಬೇಕು’ ಅಂದಷ್ಟೇ ಕರ್ಕಶ. ‘ಆಟ್ ಟು’ (ought to), ‘ಹ್ಯಾವ್ ಟು’ ಥರದ ಕೆಲವು ಮಾತ್ರ ‘ಟು’ ಕೇಳುತ್ತವೆ, ಅದರಲ್ಲೂ ‘ಹ್ಯಾವ್’ ಅನ್ನೋದು ‘ಹಿ’ ಜೊತೆ ‘ಹ್ಯಾಸ್’ ಆಗುತ್ತೆ. ಅಷ್ಟು ನೆನಪಿಟ್ಟರೆ ಪರೀಕ್ಷೆಗೆ ಸಾಕು.

ಪ್ರಶ್ನೆ: ನಾನು ಮಂಡ್ಯದವನು, ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿದ್ದೇನೆ. ‘ಟು’, ‘ಫಾರ್’, ‘ಅಟ್’ ಎಲ್ಲಿ ಹಾಕಬೇಕು ಅನ್ನೋದೇ ನನಗೆ ತಲೆನೋವು. ‘ಬಿಟ್ವೀನ್ ಯು ಅಂಡ್ ಐ’ ಸರಿಯಾ, ‘ಬಿಟ್ವೀನ್ ಯು ಅಂಡ್ ಮಿ’ ಸರಿಯಾ?

ಉತ್ತರ: ಎರಡನೆಯದಕ್ಕೆ ಬೇಗ ಉತ್ತರ ಕೊಡುತ್ತೇನೆ. ನೀವು ‘ನಾನು ಜೊತೆ ಬಾ’ ಅಂತೀರಾ? ಇಲ್ಲ, ‘ನನ್ನ ಜೊತೆ ಬಾ’ ಅಂತೀರಿ. ‘ನಿನ್ನ ನನ್ನ ನಡುವೆ’ ಅಂತೀರಿ. ಅಲ್ಲಿ ‘ನಾನು’ ಹೋಗಿ ‘ನನ್ನ’ ಆದ ಹಾಗೆ ಇಲ್ಲಿ ‘ಐ’ ಹೋಗಿ ‘ಮಿ’ ಆಗುತ್ತೆ. ‘ವಿತ್ ಮಿ’, ‘ಫಾರ್ ಹಿಮ್’, ‘ಬಿಟ್ವೀನ್ ಯು ಅಂಡ್ ಮಿ’. ಇಂಗ್ಲಿಷ್ ಮನೆಮಾತಿನವರಲ್ಲೂ ಎಷ್ಟೋ ಜನ ‘ಯು ಅಂಡ್ ಐ’ ಅಂತಾರೆ. ನೀವು ಇಂಟರ್‌ವ್ಯೂನಲ್ಲಿ ‘ಮಿ’ ಅಂತಲೇ ಹೇಳಿ.

ಮೊದಲನೆಯದು ದೊಡ್ಡದು. ನಮ್ಮ ‘ಗೆ’ ಒಂದೇ, ಮಾಡುವ ಕೆಲಸ ಹತ್ತು. ‘ನಾಳೆ ಎಂಟು ಗಂಟೆಗೆ ಅಮ್ಮನಿಗೆ ಔಷಧಿ ತರೋಕೆ ಮೈಸೂರಿಗೆ ಹೋಗಬೇಕು.’ ಗಂಟೆಗೆ ಬಂದಾಗ ‘ಅಟ್ ಏಯ್ಟ್’, ಅಮ್ಮನಿಗೆ ಬಂದಾಗ ‘ಫಾರ್ ಮೈ ಮದರ್’, ಊರಿಗೆ ಬಂದಾಗ ‘ಟು ಮೈಸೂರು’. ‘ಸೋಮವಾರಕ್ಕೆ ಮುಗಿಸಿ ಕೊಡು’ ಅಂದರೆ ‘ಬೈ ಮಂಡೇ’. ‘ಮನೆಗೆ ಹೋಗ್ತೀನಿ’ ಅಂದರೆ ಏನೂ ಬೇಡ, ‘ಗೋ ಹೋಮ್’. ಆದ್ದರಿಂದ ‘ಗೆ’ ಕಂಡ ಕಡೆಯೆಲ್ಲ ‘ಟು’ ಹಾಕಬೇಡಿ. ಆ ‘ಗೆ’ ಹೊತ್ತಿನದೋ, ಊರಿನದೋ, ಯಾರಿಗೋಸ್ಕರವೋ ಅಂತ ಒಂದು ಕ್ಷಣ ನೋಡಿ.

ಕೆಲವು ಸಲ ‘ಗೆ’ ಇರುವವರೇ ವಾಕ್ಯದ ಯಜಮಾನರು. ‘ನನಗೆ ಈಜು ಬರುತ್ತೆ’ ಅಂದರೆ ‘ಐ ಕ್ಯಾನ್ ಸ್ವಿಮ್’. ಇಲ್ಲಿ ‘ನನಗೆ’ ಸೀದಾ ‘ಐ’ ಆಯಿತು, ‘ಬರುತ್ತೆ’ ಹೋಗಿ ‘ಕ್ಯಾನ್’ ಆಯಿತು. ‘ವೆಲ್ಡಿಂಗ್ ಬರುತ್ತಾ’ ಅಂತ ಕೇಳಿದರೆ ‘ಐ ಕ್ಯಾನ್ ವೆಲ್ಡ್’ ಅನ್ನಿ. ಬರುತ್ತೆ ಅಂತ ‘ಕಮ್’ ಹುಡುಕಬೇಡಿ.

ಇನ್ನು ಕೆಲವನ್ನು ಜೋಡಿಯಾಗಿಯೇ ಬಾಯಿಪಾಠ ಮಾಡಬೇಕು, ಬೇರೆ ದಾರಿ ಇಲ್ಲ. ‘ಲಿಸನ್ ಟು ಮಿ’, ‘ವೇಯ್ಟ್ ಫಾರ್ ಮಿ’, ‘ಎಕ್ಸ್‌ಪ್ಲೇನ್ ಇಟ್ ಟು ಮಿ’. ಆದರೆ ‘ಆಸ್ಕ್ ಹಿಮ್’, ‘ಟೆಲ್ ಹಿಮ್’, ‘ಕಾಲ್ ಮಿ’, ಇವುಗಳ ನಡುವೆ ‘ಟು’ ಇಲ್ಲ. ‘ಡಿಸ್ಕಸ್ ಅಬೌಟ್’ ನಮ್ಮ ಕಡೆ ತುಂಬಾ ಜಾಸ್ತಿ, ಅದು ಬರೀ ‘ಡಿಸ್ಕಸ್ ಇಟ್’.

ಪ್ರಶ್ನೆ: ಓದಿದರೆ ಎಲ್ಲ ಅರ್ಥವಾಗುತ್ತೆ. ಫೋನ್‌ನಲ್ಲಿ ಮಾತಾಡಿದರೆ ಒಂದೂ ಕೇಳಿಸಲ್ಲ. ಯಾಕೆ? - ಮೈಸೂರಿನ ವಿದ್ಯಾರ್ಥಿನಿ

ಉತ್ತರ: ಯಾಕೆಂದರೆ ಈ ಪುಟ್ಟ ಪದಗಳನ್ನೇ ಇಂಗ್ಲಿಷ್ ಮಾತಾಡುವವರು ನುಂಗೋದು. ‘ಕುಡ್ ಯು’ ಅನ್ನೋದು ‘ಕುಜು’ ಆಗುತ್ತೆ, ‘ವುಡ್ ಯು’ ‘ವುಜು’ ಆಗುತ್ತೆ, ‘ಟೆಲ್ ಹಿಮ್’ ‘ಟೆಲಿಮ್’ ಆಗುತ್ತೆ. ನಾವೂ ‘ಹೋಗಬಹುದು’ ಅಂತ ಬರೆದು ‘ಹೋಗ್ಬೋದು’ ಅಂತ ಮಾತಾಡಲ್ವಾ, ಅದೇ ಕಥೆ. ಎಚ್ಚರ ಬೇಕಾಗಿರೋದು ‘ಕ್ಯಾನ್’ ಮತ್ತು ‘ಕಾಂಟ್’ ನಡುವೆ. ‘ಐ ಕ್ಯಾನ್ ಕಮ್’ ಅನ್ನುವಾಗ ‘ಕ್ಯಾನ್’ ಬರೀ ‘ಕ್ನ್’ ಆಗಿ ಓಡಿಹೋಗುತ್ತೆ, ಒತ್ತು ‘ಕಮ್’ ಮೇಲೆ. ‘ಕಾಂಟ್’ ಆದರೆ ಆ ಪದದ ಮೇಲೂ ಗಟ್ಟಿಯಾಗಿ ಒತ್ತು ಬೀಳುತ್ತೆ. ಆದರೂ ಅನುಮಾನ ಬಂದರೆ ಸುಮ್ನೆ ಊಹಿಸಬೇಡ, ‘ಸಾರಿ, ಡಿಡ್ ಯು ಸೇ ಯು ಕಾಂಟ್ ಕಮ್?’ ಅಂತ ಆಗಲೇ ಕೇಳಿಬಿಡು.