ಆ ಪೆನ್‌ಡ್ರೈವ್ ಮನೆಗೆ ತರಬೇಡಿ

ಮೈಸೂರಿನ ಕುವೆಂಪುನಗರದಿಂದ ಬಂದ ಈ ಪತ್ರ ಓದಿ ಸಿಟ್ಟು ಬಂತು. ಸಿಟ್ಟು ಆರುವ ಮುಂಚೆಯೇ ಉತ್ತರ ಬರೆಯುತ್ತಿದ್ದೇನೆ.

ಬರೆದವರಿಗೆ ನಲವತ್ತರ ಆಸುಪಾಸು, ತವರು ಪಾಂಡವಪುರದ ಕಡೆ. ಯಾವ ಸ್ಟುಡಿಯೊಗೂ ಸೇರದೆ ಸ್ವಂತವಾಗಿ ಅನಿಮೇಷನ್ ಚಿತ್ರ ಮಾಡುತ್ತಾರೆ; ಜೀವನಕ್ಕೆಂದು ಖಾಸಗಿ ಕಾಲೇಜೊಂದರಲ್ಲಿ ಅದನ್ನೇ ಕಲಿಸುತ್ತಾರೆ. ಅಜ್ಜನ ಆಲೆಮನೆಯ ಬಗ್ಗೆ ಆರು ನಿಮಿಷದ ಚಿತ್ರವೊಂದನ್ನು ಶುರುಮಾಡಿ ಐದು ವರ್ಷವಾಯಿತು; ಅರ್ಧಕ್ಕೆ ನಿಂತಿದೆ. ಈಗ ಕಾಲೇಜಿನವರು ಅತಿಥಿ ಉಪನ್ಯಾಸಕಿಯಾಗಿದ್ದವರನ್ನು ಕಾಯಂ ಮಾಡುತ್ತೇವೆ ಎಂದಿದ್ದಾರೆ. ಒಪ್ಪಿದರೆ ಚಿತ್ರ ಮುಗಿಯುವುದಿಲ್ಲ, ಒಪ್ಪದಿದ್ದರೆ ಮನೆ ಸಾಲದ ಕಂತು ಕಟ್ಟುವವರಿಲ್ಲ, ಏನು ಮಾಡಲಿ ಎಂದು ಕೇಳಿದ್ದಾರೆ. ಜೊತೆಗೆ ಅತ್ತೆಯ ಮೇಲೆ ಒಂದಿಡೀ ಪುಟ ದೂರು. ಸೊಸೆಯ ಕೆಲಸವನ್ನು ಅವರು ‘ಬೊಂಬೆ ಬರೆಯುವುದು’ ಎನ್ನುತ್ತಾರಂತೆ.

ಅತ್ತೆಯವರನ್ನು ಬಿಟ್ಟುಬಿಡಿ ತಾಯಿ. ಎಂಟು ಗಂಟೆಗೆ ಮುದ್ದೆ, ಸೊಪ್ಪಿನ ಸಾರು ಮಾಡಿಟ್ಟು, ಮಗುವನ್ನು ತಮ್ಮ ಪಕ್ಕದಲ್ಲಿ ಮಲಗಿಸಿಕೊಂಡು, ‘ಹೋಗು, ನಿನ್ನ ಬೊಂಬೆ ಬರೆ’ ಎಂದು ನಿಮ್ಮನ್ನು ಮೇಜಿಗೆ ಅಟ್ಟುವವರೂ ಅವರೇ ಎಂದು ನೀವೇ ಬರೆದಿದ್ದೀರಿ. ಬೊಂಬೆ ಎಂದರೆ ಎನ್ನಲಿ. ಇಂಥ ಅತ್ತೆ ಸಿಕ್ಕಿದ್ದರೆ ನಮ್ಮಲ್ಲಿ ಎಷ್ಟೋ ಹೆಂಗಸರು ಏನೇನೋ ಆಗಿರುತ್ತಿದ್ದರು.

ನನ್ನ ಕಣ್ಣು ನಿಂತದ್ದು ಮೂರನೆಯ ಪುಟದ ತುದಿಯಲ್ಲಿ, ಬೇರೇನೋ ಹೇಳುವಾಗ ನೀವು ತೂರಿಸಿದ ಸಾಲಿನ ಮೇಲೆ: ‘ಡಿಸೆಂಬರ್‌ನಿಂದ ಮೇ ತನಕ ಪ್ಲೇಸ್‌ಮೆಂಟ್ ಗಡಿಬಿಡಿ, ರಾತ್ರಿ ಕೂತು ಮಕ್ಕಳ ಶೋರೀಲ್ ಸ್ವಲ್ಪ ಸರಿಮಾಡಿಕೊಡುತ್ತೇನೆ, ಅದು ಇದ್ದದ್ದೇ.’ ಶೋರೀಲ್ ಎಂದರೆ ಕೆಲಸ ಕೇಳುವಾಗ ವಿದ್ಯಾರ್ಥಿ ತನ್ನ ಕೆಲಸದ ಮಾದರಿಯೆಂದು ತೋರಿಸುವ ಪುಟ್ಟ ವಿಡಿಯೊ.

ಸ್ವಲ್ಪ ಎಂದರೆ ಎಷ್ಟು? ಮುಂದಿನ ಸಾಲಿನಲ್ಲಿ ನೀವೇ ಬಾಯಿಬಿಟ್ಟಿದ್ದೀರಿ. ಹುಡುಗ ನಾಲ್ಕು ಕೀ ಫ್ರೇಮ್, ಅಂದರೆ ಚಲನೆಯ ಮುಖ್ಯ ಭಂಗಿಗಳನ್ನಷ್ಟೇ, ಬರೆದು ಕೊಡುತ್ತಾನೆ. ನಡುವಿನ ಚಿತ್ರಗಳೆಲ್ಲ ನಿಮ್ಮವು. ನಡಿಗೆಯಲ್ಲಿ ಪಾದ ಜಾರಿದರೆ ನೆಲಕ್ಕೆ ಊರಿಸುವವರು ನೀವು. ಮಾತಿಗೂ ತುಟಿಗೂ ತಾಳೆಯಾಗದಿದ್ದರೆ ಕೂರಿಸುವವರು ನೀವು.

ಈಗ ಲೆಕ್ಕ ಹಾಕೋಣ. ಸೆಕೆಂಡಿಗೆ 24 ಫ್ರೇಮ್. ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸುತ್ತೀರಿ, ಅಂದರೆ ಸೆಕೆಂಡಿಗೆ 12 ಚಿತ್ರ. ಆರು ನಿಮಿಷಕ್ಕೆ 4320. ಅರ್ಧ ಮುಗಿದಿದೆ, ಉಳಿದದ್ದು 2160. ಗೆರೆ ತಿದ್ದಿ ಬಣ್ಣ ತುಂಬುವುದೂ ಸೇರಿ ರಾತ್ರಿಗೆ ಹದಿನೈದು ಆಗುತ್ತದೆ ಎಂದಿದ್ದೀರಿ. 144 ರಾತ್ರಿ ಬೇಕು. ಡಿಸೆಂಬರ್‌ನಿಂದ ಮೇ ತನಕ ಅದಕ್ಕಿಂತ ಹೆಚ್ಚು ರಾತ್ರಿಗಳಿವೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಉಕ್ಕುವ ದೃಶ್ಯ, ಆ ಆವಿ, ಆ ನೊರೆ ಇನ್ನೂ ಬಾಕಿ ಎಂದು ಗೋಳಾಡಿದ್ದೀರಲ್ಲ, ಅದಕ್ಕೆ ನೌಕರಿ ಕಾರಣವಲ್ಲ. ಹೋದ ವರ್ಷವೇ ಅದು ಮುಗಿಯಬಹುದಿತ್ತು.

ಇದರಲ್ಲಿ ನನಗೆ ಅತಿ ಹೆಚ್ಚು ಸಿಟ್ಟು ಬಂದಿರುವುದು ನಿಮ್ಮ ವಿಭಾಗದ ಮುಖ್ಯಸ್ಥರ ಮೇಲೆ. ‘ಮೇಡಂ, ನಿಮ್ಮ ಕೈಗುಣವೇ ಬೇರೆ’ ಎಂದು ಹೊಗಳಿ ಪೆನ್‌ಡ್ರೈವ್ ಕೊಟ್ಟು ಕಳಿಸುತ್ತಾರೆ. ಪ್ರವೇಶದ ಜಾಹೀರಾತಿನಲ್ಲಿ ಎಷ್ಟು ಮಂದಿಗೆ ಕೆಲಸ ಸಿಕ್ಕಿತು ಎಂದು ಹಾಕಿಸಿಕೊಳ್ಳುವವರು ಅವರು, ನಿದ್ದೆಗೆಡುವವರು ನೀವು. ಹಿಂದೆಯೂ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ: ಸಂಬಳ ಕೊಡದೆ ರಾತ್ರಿ ಕೆಲಸ ಮಾಡಿಸಿಕೊಳ್ಳುವವರ ಬಾಯಲ್ಲಿ ಹೊಗಳಿಕೆ ಸದಾ ಸಿದ್ಧವಾಗಿರುತ್ತದೆ. ಇನ್ನು ಆ ಹುಡುಗರ ಗತಿ? ನಿಮ್ಮ ಗೆರೆ ತೋರಿಸಿ ಬೆಂಗಳೂರಿನ ಸ್ಟುಡಿಯೊ ಸೇರಿದವನ ಮುಂದೆ ಮೊದಲ ವಾರವೇ ಒಂದು ಶಾಟ್ ಇಡುತ್ತಾರೆ. ಅಲ್ಲಿ ಪಾದ ಜಾರಿದರೆ ಹಿಡಿಯುವ ಮೇಡಂ ಇರುವುದಿಲ್ಲ. ಅವನಿಗೂ ನೀವು ಉಪಕಾರ ಮಾಡುತ್ತಿಲ್ಲ.

ಕೆಲಸ ಒಪ್ಪಿಕೊಳ್ಳಿ. ಕಲೆಗಾಗಿ ಸಂಬಳ ಬಿಡಿ ಎಂದು ಈ ಅಂಕಣದಲ್ಲಿ ಯಾರಿಗೂ ಹೇಳಿದವಳಲ್ಲ ನಾನು. ಕಿರುಚಿತ್ರದಿಂದ ಮನೆ ಕಂತು ಕಟ್ಟಲು ಆಗುವುದಿಲ್ಲ. ಆದರೆ ನೇಮಕದ ಪತ್ರವನ್ನು ಪೂರ್ತಿ ಓದಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ನೌಕರಿಯ ಭಾಗವಾಗಿ ಮಾಡಿದ ಕೃತಿಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಸಾಮಾನ್ಯವಾಗಿ ಕೆಲಸ ಕೊಟ್ಟವರೇ ಮೊದಲ ಒಡೆಯರು. ಆಲೆಮನೆಯ ಚಿತ್ರ ನಿಮ್ಮ ಸ್ವಂತದ್ದು, ಕಾಲೇಜಿಗೆ ಅದರಲ್ಲಿ ಹಕ್ಕಿಲ್ಲ ಎಂದು ಒಂದು ಸಾಲು ಬರೆಸಿಕೊಂಡೇ ಸಹಿ ಹಾಕಿ. ಕಾಲೇಜಿನ ಕಂಪ್ಯೂಟರಿನಲ್ಲಿ ಆ ಚಿತ್ರವನ್ನು ತೆರೆಯಲೂ ಹೋಗಬೇಡಿ.

ಉಳಿದದ್ದೆಲ್ಲ ಒಂದೇ ಮಾತು. ತರಗತಿಯಲ್ಲಿ ಹುಡುಗನ ಪಕ್ಕ ಎಷ್ಟು ಹೊತ್ತಾದರೂ ಕುಳಿತುಕೊಳ್ಳಿ, ಲೈನ್ ಟೆಸ್ಟ್ (ಬಣ್ಣ ತುಂಬುವ ಮುಂಚೆ ಬರೀ ಗೆರೆಚಿತ್ರಗಳನ್ನು ಓಡಿಸಿ ನೋಡುವುದು) ಹಾಕಿ ಒಂದೊಂದೇ ಫ್ರೇಮ್ ಸರಿಸಿ ತಪ್ಪು ತೋರಿಸಿ, ಬೇಕಾದರೆ ಬೇರೆ ಹಾಳೆಯಲ್ಲಿ ಬರೆದು ತೋರಿಸಿ. ಅವನ ಫೈಲಿನಲ್ಲಿ ಒಂದು ಗೆರೆಯನ್ನೂ ಎಳೆಯಬೇಡಿ. ಡಿಸೆಂಬರ್‌ನಲ್ಲಿ ಮುಖ್ಯಸ್ಥರು ಕೈಗುಣದ ಮಾತೆತ್ತಿ ಪೆನ್‌ಡ್ರೈವ್ ಮುಂದೆ ಚಾಚಿದಾಗ, ‘ಸರ್, ಹುಡುಗನನ್ನೇ ನಾಳೆ ತರಗತಿಗೆ ಕಳಿಸಿ’ ಎನ್ನಿ. ಕಾರಣ ಕೇಳಿದರೂ ಕೊಡಬೇಡಿ.