ಮೂರು ಮೆಶ್ ಯೂನಿಟ್ ಇದ್ದರೂ ಮೇಲಿನ ರೂಮಿನಲ್ಲಿ ವೈಫೈ ನಿಧಾನ, ನಾಲ್ಕನೆಯದು ತಗೊಳ್ಳಲಾ?

ನೀವು ಕೇಳಿರುವುದು ಇಷ್ಟು: ಡ್ಯೂಪ್ಲೆಕ್ಸ್ ಮನೆ, 300 ಎಂಬಿಪಿಎಸ್ ಫೈಬರ್, ಮೂರು ಮೆಶ್ ಯೂನಿಟ್ (ಒಂದರಿಂದ ಒಂದು ಇಂಟರ್ನೆಟ್ ಪಡೆದು ಮನೆಯೆಲ್ಲ ವೈಫೈ ಹಂಚುವ ಡಬ್ಬಿಗಳು). ಕೆಳಗೆ ಹಾಲ್‌ನಲ್ಲಿ ಚೆನ್ನಾಗಿದೆ. ಮೇಲಿನ ರೂಮಿನಲ್ಲಿ ಫೋನ್ ಫುಲ್ ಸಿಗ್ನಲ್ ತೋರಿಸುತ್ತದೆ, ಆದರೆ ಸ್ಪೀಡ್ 30 ದಾಟುವುದಿಲ್ಲ, ಮೀಟಿಂಗ್ ಮಧ್ಯೆ ವಿಡಿಯೋ ನಿಂತುಹೋಗುತ್ತದೆ. ಇನ್ನೊಂದು ಯೂನಿಟ್ ಹಾಕಿದರೆ ಸರಿಹೋಗುತ್ತಾ?

ಹೋಗಲ್ಲ. ದುಡ್ಡು ಉಳಿಸಿಕೊಳ್ಳಿ. ಫೋನ್ ತೋರಿಸುವ ಕಡ್ಡಿಗಳು ಅದಕ್ಕೂ ಪಕ್ಕದ ಯೂನಿಟ್ಟಿಗೂ ನಡುವಿನ ಸಿಗ್ನಲ್ ಮಾತ್ರ. ಆ ಯೂನಿಟ್ ಕೆಳಗಿನ ಮುಖ್ಯ ಯೂನಿಟ್ಟಿನಿಂದ ಎಷ್ಟು ಎಳೆದುಕೊಳ್ಳುತ್ತಿದೆ ಅನ್ನುವುದು ಫೋನಿಗೆ ಗೊತ್ತೇ ಇರುವುದಿಲ್ಲ. ಈ ನಡುವಿನ ಕೊಂಡಿಯನ್ನು ಬ್ಯಾಕ್‌ಹಾಲ್ ಅಂತಾರೆ. ನೀವು ಹೇಳಿದ ಲಕ್ಷಣ ನೋಡಿದರೆ ತೊಂದರೆ ಅಲ್ಲೇ ಇದೆ.

ಖಚಿತ ಮಾಡಿಕೊಳ್ಳುವುದು ಸುಲಭ. ಮುಖ್ಯ ಯೂನಿಟ್ ಪಕ್ಕ ನಿಂತು ಸ್ಪೀಡ್ ಟೆಸ್ಟ್ ಮಾಡಿ. ಆಮೇಲೆ ಮೇಲೆ ಹೋಗಿ, ಅಲ್ಲಿನ ಯೂನಿಟ್ಟಿಗೆ ಒಂದು ಮಾರು ದೂರದಲ್ಲಿ ನಿಂತು ಮತ್ತೆ ಮಾಡಿ. ಕೆಳಗೆ 280, ಮೇಲೆ ಯೂನಿಟ್ ಎದುರಿಗೇ 30 ಬಂದರೆ ಫೋನಿನದೂ ತಪ್ಪಿಲ್ಲ, ಕಂಪನಿಯದೂ ತಪ್ಪಿಲ್ಲ. ಕೆಳಗೇ 30 ಬಂದರೆ ಮಾತ್ರ ಫೈಬರ್‌ನವರಿಗೆ ಫೋನ್ ಮಾಡಿ.

ಎಲ್ಲರೂ ಯೂನಿಟ್ಟನ್ನು ಸಿಗ್ನಲ್ ಸಿಗದ ರೂಮಿನೊಳಗೇ ಇಡುತ್ತಾರೆ. ಆದರೆ ಫೋನಿಗೆ ಸಿಗದ ಸಿಗ್ನಲ್ ಅಲ್ಲಿ ಆ ಡಬ್ಬಿಗೆ ಮಾತ್ರ ಎಲ್ಲಿಂದ ಸಿಗಬೇಕು? ಅದನ್ನು ದಾರಿಯ ಮಧ್ಯದಲ್ಲಿ, ಸಿಗ್ನಲ್ ಇನ್ನೂ ಗಟ್ಟಿ ಇರುವ ಕಡೆ ಇಡಬೇಕು. ಡ್ಯೂಪ್ಲೆಕ್ಸ್‌ನಲ್ಲಿ ಅಂಥ ಜಾಗ ಅಂದರೆ ಮೆಟ್ಟಿಲ ಬಾಯಿ. ಆರ್‌ಸಿಸಿ ತಾರಸಿಯ ಕಬ್ಬಿಣ ವೈಫೈನ ವೇಗದ ಬ್ಯಾಂಡ್ ಆದ 5 ಗಿಗಾಹರ್ಟ್ಸ್ ಸಿಗ್ನಲ್ಲನ್ನು ಚೆನ್ನಾಗಿ ತಿನ್ನುತ್ತದೆ, ಮೆಟ್ಟಿಲ ಹತ್ತಿರ ಮಾತ್ರ ತಾರಸಿಯಲ್ಲಿ ತೆರೆದ ಕಿಂಡಿ ಇರುತ್ತದೆ ಅಲ್ವಾ. ಬೀರುವಿನ ಹಿಂದೆ, ಟಿವಿ ಹಿಂದೆ, ದೊಡ್ಡ ಕನ್ನಡಿ ಪಕ್ಕ ಇಡಬೇಡಿ. ಮೆಶ್ ಆ್ಯಪ್‌ನಲ್ಲಿ ಯೂನಿಟ್‌ಗಳ ನಡುವಿನ ಸಿಗ್ನಲ್ ಡಿಬಿಎಂನಲ್ಲಿ (ಸಿಗ್ನಲ್ ಅಳೆಯುವ ಮಾನ, ಸೊನ್ನೆಗೆ ಹತ್ತಿರವಾದಷ್ಟೂ ಗಟ್ಟಿ) ಕಾಣಿಸಿದರೆ ನೋಡಿ: ಮೈನಸ್ 65 ಅಥವಾ ಸೊನ್ನೆಗೆ ಇನ್ನೂ ಹತ್ತಿರ ಇದ್ದರೆ ನೆಮ್ಮದಿ, ಮೈನಸ್ 75 ಆಗಿದ್ದರೆ ಜಾಗ ಬದಲಿಸಲೇಬೇಕು.

ಇನ್ನೊಂದು ವಿಷಯ ಅಂಗಡಿಯವರು ಹೇಳುವುದಿಲ್ಲ. ಕಡಿಮೆ ಬೆಲೆಯ ಡ್ಯುಯಲ್ ಬ್ಯಾಂಡ್ (2.4 ಮತ್ತು 5 ಗಿಗಾಹರ್ಟ್ಸ್ ಎರಡೇ ಇರುವ) ಯೂನಿಟ್ಟಿನಲ್ಲಿ ಫೋನಿನ ಜೊತೆ ಮಾತಾಡುವುದಕ್ಕೂ ಮುಖ್ಯ ಯೂನಿಟ್ ಜೊತೆ ಮಾತಾಡುವುದಕ್ಕೂ ಸಾಮಾನ್ಯವಾಗಿ ಒಂದೇ 5 ಗಿಗಾಹರ್ಟ್ಸ್ ರೇಡಿಯೋ. ಒಬ್ಬನೇ ಆಳು ಬಾವಿಯಿಂದ ನೀರು ಸೇದಿ, ತಾನೇ ಹೊತ್ತುಕೊಂಡು ಹೋಗಿ ತೊಟ್ಟಿಗೆ ಸುರಿದು ಬಂದ ಹಾಗೆ. ಒಂದು ಯೂನಿಟ್‌ನಿಂದ ಇನ್ನೊಂದಕ್ಕೆ ಒಂದು ಜಿಗಿತಕ್ಕೆ ಸ್ಪೀಡ್ ಹೆಚ್ಚುಕಡಿಮೆ ಅರ್ಧ ಆಗುತ್ತದೆ. ಮೂರನೆಯ ಯೂನಿಟ್ ಎರಡನೆಯದನ್ನು ಹಿಡಿದುಕೊಂಡಿದ್ದರೆ ಆ ಅರ್ಧದಲ್ಲೂ ಅರ್ಧ. ನಾಲ್ಕನೆಯದು ಬೇಡ ಅಂದಿದ್ದು ಇದಕ್ಕೇ.

ನನ್ನ ಕೇಳಿದರೆ ಇದಕ್ಕೆಲ್ಲ ಒಂದೇ ಮದ್ದು ವೈರ್. ಕೆಳಗಿನ ಯೂನಿಟ್ಟಿನಿಂದ ಮೇಲಿನದಕ್ಕೆ ಒಂದು ಕ್ಯಾಟ್ 6 ಕೇಬಲ್ (ಎಂಟು ಎಳೆಯ ನೆಟ್‌ವರ್ಕ್ ಕೇಬಲ್) ಎಳೆಸಿ. ಹಳೆಯ ಡಿಶ್ ಕೇಬಲ್ ಹೋದ ಪೈಪ್ ಇದ್ದರೆ ಗೋಡೆ ಒಡೆಯುವ ಕೆಲಸವೂ ಇರುವುದಿಲ್ಲ. ಕರೆಂಟ್ ವೈರ್ ಇರುವ ಪೈಪಿನಲ್ಲಿ ಮಾತ್ರ ತೂರಿಸಲು ಬಿಡಬೇಡಿ. ಬಹಳಷ್ಟು ಮೆಶ್ ಸೆಟ್‌ಗಳು ಕೇಬಲ್ ಚುಚ್ಚಿದ ಕೂಡಲೇ ತಾವಾಗಿಯೇ ವೈರಿಗೆ ಬದಲಾಗುತ್ತವೆ.

ಕೇಬಲ್ ಹಾಕಿದ ಮೇಲೆ ಸ್ಪೀಡ್ 94ರ ಆಸುಪಾಸಿನಲ್ಲೇ ಅಂಟಿಕೊಂಡರೆ ಕ್ರಿಂಪಿಂಗ್, ಅಂದರೆ ಕೇಬಲ್ ತುದಿಯಲ್ಲಿ ಎಳೆಗಳನ್ನು ಕೂರಿಸಿದ್ದು ಸರಿಯಿದೆಯಾ ನೋಡಿ. ನಮ್ಮ ಅಕ್ಕನ ಮನೆಯಲ್ಲಿ ಹೀಗೇ ಆಗಿತ್ತು. ಗೋಡೆಯ ಸಾಕೆಟ್ ಬಿಚ್ಚಿದರೆ ಕಿತ್ತಳೆ ಮತ್ತು ಹಸಿರು ಜೋಡಿ ಮಾತ್ರ ಕೂರಿಸಿದ್ದರು, ನೀಲಿ ಮತ್ತು ಕಂದು ಜೋಡಿಯನ್ನು ಮಡಚಿ ಹಿಂದಕ್ಕೆ ತುರುಕಿದ್ದರು. ನಾಲ್ಕು ಎಳೆಯಲ್ಲಿ 100 ಎಂಬಿಪಿಎಸ್ ಓಡುತ್ತದೆ, ಗಿಗಾಬಿಟ್‌ಗೆ ಎಂಟೂ ಬೇಕು. ಎಳೆ ಎಂಟೂ ಸರಿ ಇದ್ದೂ 94 ಬಂದರೆ ಯೂನಿಟ್ಟಿನ ಪೋರ್ಟೇ 100ರದ್ದಾಗಿರಬಹುದು. ಡಬ್ಬದ ಮೇಲೆ ದೊಡ್ಡದಾಗಿ ಎಸಿ1200 ಅಂತ ವೈಫೈ ವೇಗದ ಗುರುತು ಬರೆದಿದ್ದರೂ ಒಳಗೆ ಅಂಥ ಪೋರ್ಟ್ ಇರುವ ಸೆಟ್‌ಗಳಿವೆ.

ಫೈಬರ್‌ನವರು ಕೊಟ್ಟ ಡಬ್ಬಿಯ ವೈಫೈ ಆಫ್ ಮಾಡಿದ್ದೀರಾ? ಅದೂ ಆನ್ ಇದ್ದರೆ ಫೋನ್ ಸುಮ್ನೆ ಅದಕ್ಕೇ ಜೋತು ಬೀಳುತ್ತದೆ. ಯಾವುದಕ್ಕೆ ಸೇರಬೇಕು ಅಂತ ಕೊನೆಗೆ ನಿರ್ಧರಿಸುವುದು ಫೋನೇ, ಮೆಶ್ ಅಲ್ಲ. ಹಾಗೆಯೇ ಮೆಶ್ ಆ್ಯಪ್‌ನಲ್ಲಿ ವ್ಯಾನ್ ಐಪಿ (ಇಂಟರ್ನೆಟ್ ಕಡೆಯ ವಿಳಾಸ) 192.168 ಅಂತ ಶುರುವಾದರೆ ಎರಡು ರೂಟರ್ ಒಂದರ ಹಿಂದೆ ಒಂದು ಕೂತಿವೆ ಅಂತ ಅರ್ಥ. ವಿಡಿಯೋ ನೋಡುವುದಕ್ಕೆ ತೊಂದರೆ ಇಲ್ಲ, ಆದರೆ ಗೇಮಿಂಗ್ ಮತ್ತು ಮನೆಯ ಪ್ರಿಂಟರ್ ಹುಡುಕುವುದು ಕಿರಿಕಿರಿ. ಮೆಶ್ಶನ್ನು ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ವೈಫೈ ಮಾತ್ರ ಹಂಚುವ ಮೋಡ್) ಹಾಕಿ, ಸಾಕು.

ಮೀಟಿಂಗ್ ಮಧ್ಯೆ ಒಂದು ನಿಮಿಷ ಪೂರ್ತಿ ಕಟ್ ಆಗಿ ತಾನಾಗಿಯೇ ಬರುತ್ತಿದ್ದರೆ 5 ಗಿಗಾಹರ್ಟ್ಸ್ ಚಾನೆಲ್ (ಸಿಗ್ನಲ್ ಓಡುವ ನಂಬರಿನ ಓಣಿ) ನೋಡಿ. 52ರಿಂದ 144ರವರೆಗಿನ ಚಾನೆಲ್‌ಗಳಲ್ಲಿ ರೇಡಾರ್ ಸಿಗ್ನಲ್ ಕಂಡರೆ ರೂಟರ್ ಜಾಗ ಖಾಲಿ ಮಾಡಬೇಕು, ಅಲ್ಲೇ ಇನ್ನೊಂದು ಚಾನೆಲ್ ಹಿಡಿಯಬೇಕಾದರೆ ಕನಿಷ್ಠ ಒಂದು ನಿಮಿಷ ತಾನು ಏನೂ ಕಳಿಸದೆ ಕಿವಿಗೊಟ್ಟು ಕೇಳಬೇಕು ಅನ್ನುವುದು ನಿಯಮ. ಏರ್‌ಪೋರ್ಟ್ ಹತ್ತಿರ ಇರುವವರಿಗೆ ಈ ಕಾಟ ಜಾಸ್ತಿ. ಆ್ಯಪ್‌ನಲ್ಲಿ ಅವಕಾಶ ಇದ್ದರೆ ಚಾನೆಲ್ 36ಕ್ಕೋ 149ಕ್ಕೋ ಹಾಕಿಬಿಡಿ.

ವೈರ್ ಎಳೆಸಿದ ಮೇಲೆ ಮೂರರಲ್ಲಿ ಒಂದು ಯೂನಿಟ್ ಆಫ್ ಮಾಡಿ ಒಂದು ವಾರ ನೋಡಿ. ಬಹುಶಃ ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ವಾಪಸ್ ಕೊಡುವ ಅವಧಿ ಇನ್ನೂ ಇದ್ದರೆ ಅಷ್ಟರೊಳಗೇ ಈ ಕೆಲಸ ಮುಗಿಸಿ.